ಇಂಟರ್ನೆಟ್ ವೈರ್ ಕಿತ್ತ ಮೇಲೆ ಕ್ಯಾಮೆರಾ ಏನೇನು ಮರೆಯಿತು

ಹಿತ್ತಲಿನಲ್ಲಿ ಸಾಲಾಗಿ ಇಟ್ಟಿದ್ದ ಕುಂಡಗಳು ರಾತ್ರೋರಾತ್ರಿ ಉರುಳುತ್ತಿದ್ದವು. ಯಾರ ಕೆಲಸ ಅಂತ ತಿಳಿಯಬೇಕಿತ್ತು, ಅಷ್ಟೇ. ಅದಕ್ಕೆಂದು ಒಂದು ಅಗ್ಗದ ವೈ-ಫೈ ಕ್ಯಾಮೆರಾ ತಂದೆ. ಡಬ್ಬ ಬಿಚ್ಚಿ, ಆ್ಯಪ್ ಹಾಕಿಕೊಂಡು, ಫೋನಿನಲ್ಲಿ ಮೂಡಿದ ಕ್ಯೂಆರ್ ಕೋಡನ್ನು ಕ್ಯಾಮೆರಾದ ಮುಂದೆ ಹಿಡಿದೆ. ಹತ್ತು ನಿಮಿಷಕ್ಕೆ ಚಿತ್ರ ಬಂತು.

ಆಮೇಲೆ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಫೋನಿನ ವೈ-ಫೈ ಆರಿಸಿ, ಮೊಬೈಲ್ ಡೇಟಾ ಹಾಕಿಕೊಂಡು ಬೀದಿಯ ಕೊನೆವರೆಗೆ ನಡೆದೆ. ಚಿತ್ರ ಬರುತ್ತಲೇ ಇತ್ತು. ಹೊರಗಿನವರು ಒಳಗೆ ಬರಲು ಬಾಗಿಲಾಗುವ ಪೋರ್ಟ್ ಒಂದನ್ನೂ ನಾನು ರೂಟರಿನಲ್ಲಿ ತೆರೆದಿರಲಿಲ್ಲ. ಹಾಗಾದರೆ ನನ್ನ ಹಿತ್ತಲು ಯಾವ ದಾರಿ ಹಿಡಿದು ಬೀದಿಗೆ ಬಂತು?

ಗುಟ್ಟು ಇಷ್ಟೇ. ರೂಟರ್ ಹೊರಗಿನಿಂದ ಬಂದವರನ್ನು ತಡೆಯುತ್ತದೆ, ಒಳಗಿನಿಂದ ಹೊರಟವರನ್ನು ತಡೆಯುವುದಿಲ್ಲ. ಕ್ಯಾಮೆರಾ ತಾನಾಗಿಯೇ ಹೊರಗೆ ಹೋಗಿ, ತಯಾರಕರ ಸರ್ವರ್ ಜೊತೆ ಮಾತು ಶುರು ಮಾಡಿರುತ್ತದೆ. ಆ ಗೆರೆ ಮುಚ್ಚಿಹೋಗದಂತೆ ಆಗಾಗ ಒಂದು ಸಣ್ಣ ಪ್ಯಾಕೆಟ್ (ಡೇಟಾದ ತುಣುಕು) ಕಳಿಸುತ್ತಿರುತ್ತದೆ. ನನ್ನ ಫೋನೂ ಅದೇ ಸರ್ವರ್ ಬಾಗಿಲು ತಟ್ಟುತ್ತದೆ. ಸರ್ವರ್ ಇಬ್ಬರಿಗೂ ಪರಿಚಯ ಮಾಡಿಸುತ್ತದೆ. ಪರಿಚಯ ಆದ ಮೇಲೆ ವಿಡಿಯೋ ಕೆಲವೊಮ್ಮೆ ನೇರವಾಗಿ ಬರುತ್ತದೆ, ಕೆಲವೊಮ್ಮೆ ಅವರ ಯಂತ್ರದ ಮೂಲಕವೇ ಹಾದು ಬರುತ್ತದೆ. ಯಾವಾಗ ಯಾವುದು ಅಂತ ಆ್ಯಪ್ ಹೇಳುವುದಿಲ್ಲ.

ಇದನ್ನು ಕಣ್ಣಾರೆ ನೋಡೋಣ ಅಂತ ಹಳೆಯ ರೂಟರ್ ಒಂದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಉಚಿತ ತಂತ್ರಾಂಶ ಹಾಕಿ, ಕ್ಯಾಮೆರಾವನ್ನು ಅದರ ಹಿಂದೆ ಇಟ್ಟು, ಹೋಗಿಬರುವ ಪ್ಯಾಕೆಟ್‌ಗಳನ್ನು ಬರೆದಿಡುವ ಟಿಸಿಪಿಡಂಪ್ ಓಡಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಉದ್ದನೆಯ ಪಟ್ಟಿ. ಆ್ಯಪ್ ಮುಚ್ಚಿತ್ತು, ಫೋನ್ ನಿದ್ದೆಯಲ್ಲಿತ್ತು, ಕ್ಯಾಮೆರಾ ಮಾತ್ರ ಎಚ್ಚರವಾಗಿತ್ತು. ಅರ್ಧ ನಿಮಿಷಕ್ಕೊಮ್ಮೆ ಹೊರಗೆ ಒಂದು ಪ್ಯಾಕೆಟ್. ನಡುನಡುವೆ ಡಿಎನ್‌ಎಸ್ ಪ್ರಶ್ನೆಗಳು, ಅಂದರೆ ಈ ಹೆಸರಿನ ಯಂತ್ರದ ವಿಳಾಸ ಏನು ಅಂತ ಕೇಳುವುದು. ಕೆಲವು ಪ್ರಶ್ನೆಗಳು ಸಮಯ ಹೇಳುವ ಸರ್ವರ್‌ಗಾಗಿ, ಉಳಿದವು ನನಗೆ ಅರ್ಥವಾಗದ ಹೆಸರುಗಳಿಗೆ. ಕೆಟ್ಟದ್ದೇನೋ ನಡೆಯುತ್ತಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕುಂಡ ಉರುಳಿಸಿದ್ದು ಯಾರು ಅಂತ ತಿಳಿಯಲು ಇಷ್ಟೆಲ್ಲ ಮಾತುಕತೆ ಬೇಕಿರಲಿಲ್ಲ, ಅಲ್ವಾ?

ಕ್ಯಾಮೆರಾಗಳ ಬಗ್ಗೆ ನನಗಿರುವ ಅನುಮಾನಕ್ಕೆ ಹಳೆಯ ಕಾರಣವೂ ಇದೆ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಜಗತ್ತಿನ ಕ್ಯಾಮೆರಾಗಳನ್ನೂ ವಿಡಿಯೋ ರೆಕಾರ್ಡ್ ಮಾಡುವ ಡಿವಿಆರ್‌ಗಳನ್ನೂ ಹಿಡಿದುಕೊಂಡಿತ್ತು. ಅದರ ಉಪಾಯ ಮಹಾ ಸರಳ. ಕಾರ್ಖಾನೆಯಲ್ಲಿ ಇಟ್ಟ ಹೆಸರು-ಪಾಸ್‌ವರ್ಡ್‌ಗಳ ಸುಮಾರು ಅರವತ್ತು ಜೋಡಿ ಇಟ್ಟುಕೊಂಡು, ದೂರದಿಂದ ಯಂತ್ರದೊಳಗೆ ಹೋಗುವ ಹಳೆಯ ದಾರಿಯಾದ ಟೆಲ್‌ನೆಟ್‌ನಲ್ಲಿ ಒಂದೊಂದಾಗಿ ಹಾಕಿ ನೋಡುವುದು. ಹಾಗೆ ಕೂಡಿಸಿದ ದಂಡಿನಿಂದ ಅದೇ ವರ್ಷ ಅಕ್ಟೋಬರ್ 21ರಂದು ಡೈನ್ ಅನ್ನುವ ಡಿಎನ್‌ಎಸ್ ಕಂಪನಿಯ ಮೇಲೆ ದಾಳಿ ಆಯಿತು. ಟ್ವಿಟ್ಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳು ಗಂಟೆಗಟ್ಟಲೆ ಸಿಗಲಿಲ್ಲ. ಅಲ್ಲಿ ತೊಂದರೆ ಇದ್ದದ್ದು ತೆರೆದ ಬಾಗಿಲಿನದು. ನನ್ನ ಕ್ಯಾಮೆರಾದ್ದು ನಡುವೆ ನಿಂತ ಮೂರನೆಯವರದ್ದು. ಎರಡಕ್ಕೂ ಮದ್ದು ಒಂದೇ: ಕ್ಯಾಮೆರಾಗೆ ಹೊರಗಿನ ದಾರಿಯೇ ಇರಬಾರದು.

ಮೊದಲ ಪ್ರಯತ್ನ, ಬೇಗ ಕೈಬಿಟ್ಟದ್ದು

ಈ ಕ್ಯಾಮೆರಾಗೂ ಮುಂಚೆ ಇಎಸ್‌ಪಿ32-ಕ್ಯಾಮ್ ಬೋರ್ಡ್ ಒಂದರ ಜೊತೆ ಎರಡು ವಾರ ಒದ್ದಾಡಿದ್ದೆ. ಬೆರಳಷ್ಟು ಉದ್ದದ ಬೋರ್ಡು, 2 ಮೆಗಾಪಿಕ್ಸೆಲ್‌ನ ಓವಿ2640 ಸೆನ್ಸರ್. ಅದರಲ್ಲಿ ಓಡುವುದು ನಾನೇ ತುಂಬಿದ ಪ್ರೋಗ್ರಾಮ್. ಹೊರಗೆ ಯಾರಿಗೂ ಫೋನ್ ಮಾಡುವುದಿಲ್ಲ. ಆ ಲೆಕ್ಕದಲ್ಲಿ ಅದೇ ಸರಿ. ಯುಎಸ್‌ಬಿ ಕಿಂಡಿ ಬೋರ್ಡಿನ ಮೇಲೆ ಇಲ್ಲದ್ದರಿಂದ ಬೇರೆ ಸೀರಿಯಲ್ ಅಡಾಪ್ಟರ್ ಬೇಕು. ಪ್ರೋಗ್ರಾಮ್ ತುಂಬುವಾಗ ಸೊನ್ನೆಯ ಪಿನ್ನನ್ನು ಗ್ರೌಂಡಿಗೆ ಕಟ್ಟಬೇಕು, ಆಮೇಲೆ ಬಿಚ್ಚಬೇಕು. ಅದೆಲ್ಲ ಖುಷಿಯ ಕೆಲಸವೇ. ಆದರೆ ವೈ-ಫೈ ಶುರುವಾದ ತಕ್ಷಣ ಕರೆಂಟ್ ಎಳೆತ ಏರಿ, ವೋಲ್ಟೇಜ್ ಕುಸಿದು, ಬ್ರೌನ್‌ಔಟ್ ಅಂತ ಬರೆದು ರೀಸ್ಟಾರ್ಟ್ ಆಗುತ್ತಿತ್ತು. ಒಳ್ಳೆಯ ಚಾರ್ಜರ್ ಹಾಕಿ ಅದನ್ನು ಸರಿ ಮಾಡಿದೆ. ಆದರೂ ರಾತ್ರಿ ಅದಕ್ಕೆ ಏನೂ ಕಾಣುವುದಿಲ್ಲ, ವಿಡಿಯೋ ಅಂದರೆ ಜೆಪೆಗ್ ಚಿತ್ರಗಳ ಸರಮಾಲೆ. ಕುಂಡ ಉರುಳುವುದು ರಾತ್ರಿ. ಕಲಿಯಲು ಬೋರ್ಡ್ ಚೆನ್ನಾಗಿದೆ, ಕಾವಲಿಗೆ ಅಲ್ಲ.

ಎರಡನೆಯದನ್ನು, ಅಂದರೆ ಈಗಿನ ಕ್ಯಾಮೆರಾವನ್ನು, ಆರಿಸುವಾಗ ನೋಡಿದ್ದು ಎರಡೇ ಹೆಸರು: ಆರ್‌ಟಿಎಸ್‌ಪಿ ಮತ್ತು ಓಎನ್‌ವಿಐಎಫ್. ಆರ್‌ಟಿಎಸ್‌ಪಿ 1998ರಿಂದ ಇರುವ ವಿಡಿಯೋ ಹರಿಸುವ ಭಾಷೆ. ಅದು ಇದ್ದರೆ ತಯಾರಕರ ಆ್ಯಪ್ ಇಲ್ಲದೆ ಯಾವ ಪ್ಲೇಯರ್ ಬೇಕಾದರೂ ಕ್ಯಾಮೆರಾವನ್ನು ತೆರೆಯಬಹುದು. ಓಎನ್‌ವಿಐಎಫ್ ಅನ್ನುವುದು 2008ರಲ್ಲಿ ಆ್ಯಕ್ಸಿಸ್, ಬಾಷ್, ಸೋನಿ ಸೇರಿ ಶುರು ಮಾಡಿದ ಒಪ್ಪಂದ. ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳನ್ನು ಒಂದೇ ರೀತಿ ಮಾತಾಡಿಸಲು ಅದು. ಡಬ್ಬದ ಮೇಲೆ ಈ ಎರಡೂ ಇಲ್ಲದೆ ಬರೀ "ಕ್ಲೌಡ್" ಅಂತಿದ್ದರೆ ಅದು ನಮಗೆ ಅಲ್ಲ. ಮೆಗಾಪಿಕ್ಸೆಲ್ ಎಷ್ಟು ಅಂತ ಕೊನೆಗೆ ನೋಡಿದರೂ ಸಾಕು.

ಎರಡು ಕಾಲಿನ ಲ್ಯಾಪ್‌ಟಾಪ್

ಕ್ಯಾಮೆರಾವನ್ನು ಬೇರೆ ಮಾಡಲು ಮೂರು ದಾರಿ ಇದ್ದವು. ಮನೆಯ ರೂಟರಿನಲ್ಲೇ ಆ ಒಂದು ಸಾಧನಕ್ಕೆ ಇಂಟರ್ನೆಟ್ ನಿಲ್ಲಿಸುವುದು ಮೊದಲನೆಯದು. ಎಷ್ಟೋ ರೂಟರ್‌ಗಳಲ್ಲಿ ಮಕ್ಕಳ ಫೋನ್ ಹಿಡಿತಕ್ಕೆ ಇಟ್ಟ ಆಯ್ಕೆಯಲ್ಲೇ ಇದು ಆಗುತ್ತದೆ. ಐದು ನಿಮಿಷದ ಕೆಲಸ. ಆದರೆ ಕ್ಯಾಮೆರಾ ಉಳಿದ ಯಂತ್ರಗಳ ಮಧ್ಯೆಯೇ ಕೂತಿರುತ್ತದೆ. ಎರಡನೆಯದು ಗೆಸ್ಟ್ ವೈ-ಫೈ. ನಾನು ಅದನ್ನೂ ಹಾಕಿ ನೋಡಿದೆ. ಅದು ಕೆಲಸವನ್ನು ತಲೆಕೆಳಗು ಮಾಡುತ್ತದೆ: ಗೆಸ್ಟ್ ಸಾಧನಕ್ಕೆ ಇಂಟರ್ನೆಟ್ ಸಿಗುತ್ತದೆ, ಮನೆಯ ಫೋನಿಗೆ ಮಾತ್ರ ಕ್ಯಾಮೆರಾ ಕಾಣುವುದಿಲ್ಲ. ನಮಗೆ ಬೇಕಿದ್ದದ್ದು ಇದರ ಉಲ್ಟಾ.

ಮೂರನೆಯದನ್ನು ಹಿಡಿದೆ. ಮೂಲೆಯಲ್ಲಿ ಬಿದ್ದಿದ್ದ ಆ ಹಳೆಯ ರೂಟರೇ ಕ್ಯಾಮೆರಾದ ಪ್ರಪಂಚ. ಅದರ ವೈ-ಫೈಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್, 2.4 ಗಿಗಾಹರ್ಟ್ಸ್ ಮಾತ್ರ. ಅಗ್ಗದ ಕ್ಯಾಮೆರಾಗಳಿಗೆ ಹೆಚ್ಚಾಗಿ 5 ಗಿಗಾಹರ್ಟ್ಸ್ ಗೊತ್ತೇ ಇರುವುದಿಲ್ಲ. ರೆಕಾರ್ಡಿಂಗ್‌ಗೆ ಒಂದು ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್. ಲ್ಯಾಪ್‌ಟಾಪಿಗೆ ಎರಡು ಕಾಲು. ಈಥರ್ನೆಟ್ ವೈರ್ ಕ್ಯಾಮೆರಾದ ರೂಟರಿಗೆ, ವೈ-ಫೈ ಮನೆಯ ರೂಟರಿಗೆ. ಲಿನಕ್ಸ್‌ನಲ್ಲಿ ಐಪಿ ಫಾರ್ವರ್ಡಿಂಗ್ ಆಫ್ ಇದ್ದರೆ ಒಂದು ಕಾಲಿಗೆ ಬಂದ ಪ್ಯಾಕೆಟ್ ಇನ್ನೊಂದು ಕಾಲಿಗೆ ದಾಟುವುದಿಲ್ಲ. ಫೋನ್ ಲ್ಯಾಪ್‌ಟಾಪನ್ನು ಕೇಳುತ್ತದೆ, ಲ್ಯಾಪ್‌ಟಾಪ್ ಕ್ಯಾಮೆರಾವನ್ನು ಕೇಳುತ್ತದೆ. ಫೋನ್ ಮತ್ತು ಕ್ಯಾಮೆರಾ ಮುಖಾಮುಖಿ ಆಗುವುದೇ ಇಲ್ಲ.

ಹಳೆಯ ಲ್ಯಾಪ್‌ಟಾಪಿನ ಒಂದು ಲಾಭ ಅಂದರೆ ಬ್ಯಾಟರಿ. ಕರೆಂಟ್ ಹೋದಾಗ ರೆಕಾರ್ಡಿಂಗ್ ಫೈಲ್ ಅರ್ಧಕ್ಕೆ ಹಾಳಾಗುವುದಿಲ್ಲ. ಆದರೆ ಸದಾ ಚಾರ್ಜರಿಗೆ ಸಿಕ್ಕಿಸಿಟ್ಟ ಹಳೆಯ ಬ್ಯಾಟರಿ ಉಬ್ಬಬಹುದು. ಚಾರ್ಜ್ ಮಿತಿಯನ್ನು 60 ಶೇಕಡಕ್ಕೆ ಇಳಿಸಿದ್ದೇನೆ. ಆ ಆಯ್ಕೆ ಇಲ್ಲದ ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತೆಗೆದೇ ಇಡಿ.

ಇಲ್ಲಿ ಎರಡು ತಪ್ಪು ಮಾಡಿದೆ. ಮೊದಲನೆಯದು, ಎರಡೂ ರೂಟರ್‌ಗಳ ವಿಳಾಸ 192.168.1.1. ಲ್ಯಾಪ್‌ಟಾಪಿಗೆ ಎರಡು ಕಡೆಯೂ ಒಂದೇ ಬೀದಿ, ಒಂದೇ ಮನೆ ಸಂಖ್ಯೆ. ಯಾರನ್ನು ಕರೆದರೆ ಯಾರು ಓಗೊಡುತ್ತಾರೋ ಗೊತ್ತಿಲ್ಲ. ಹಳೆಯ ರೂಟರನ್ನು 192.168.50.1 ಮಾಡಿದ ಮೇಲೆ ಗೊಂದಲ ಹೋಯಿತು. ಎರಡನೆಯದು ಹುಡುಕಲು ಒಂದು ಸಂಜೆ ತಿಂದಿತು. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆದಾಗಲೆಲ್ಲ ಅದಕ್ಕೆ ಇಂಟರ್ನೆಟ್ ಸಿಗುತ್ತಿರಲಿಲ್ಲ. ಕಾರಣ, ಕ್ಯಾಮೆರಾದ ರೂಟರ್, ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ, "ಹೊರಗೆ ಹೋಗುವವರು ನನ್ನ ಹತ್ತಿರ ಬನ್ನಿ" ಅಂತ ಗೇಟ್‌ವೇ ಕೂಡ ಹಂಚುತ್ತಿತ್ತು. ವೈರ್ ಇದ್ದರೆ ಲಿನಕ್ಸ್ ಸಾಮಾನ್ಯವಾಗಿ ವೈ-ಫೈಗಿಂತ ಅದನ್ನೇ ನಂಬುತ್ತದೆ. ಹೋಗಿ ಗೋಡೆಗೆ ಡಿಕ್ಕಿ. ಆ ಕಾಲಿಗೆ ಕೈಯಾರೆ 192.168.50.2 ಕೊಟ್ಟು, ಗೇಟ್‌ವೇ ಜಾಗ ಖಾಲಿ ಬಿಟ್ಟೆ. ಸರಿಹೋಯಿತು. ಕ್ಯಾಮೆರಾಗೆ ರೂಟರಿನಲ್ಲೇ ಅದರ ಮ್ಯಾಕ್ ವಿಳಾಸಕ್ಕೆ (ಯಂತ್ರದ ಹುಟ್ಟು ಸಂಖ್ಯೆಗೆ) 192.168.50.10 ಅಂತ ಕಾಯ್ದಿರಿಸಿದೆ.

ವೈರ್ ಕೀಳುವ ಮುಂಚೆ

ಅಗ್ಗದ ಕ್ಯಾಮೆರಾಗಳ ಒಂದು ಹಟ ಅಂದರೆ, ಮೊದಲ ಸಲ ಇಂಟರ್ನೆಟ್ ಇಲ್ಲದೆ ಅವು ಏಳುವುದೇ ಇಲ್ಲ. ಖಾತೆ ತೆರೆಯಬೇಕು, ನೋಂದಾಯಿಸಬೇಕು, ಆಮೇಲೆ ಆ್ಯಪಿನೊಳಗೆ ಯಾವುದೋ ಮೂಲೆಯಲ್ಲಿ ಆರ್‌ಟಿಎಸ್‌ಪಿ ಬಟನ್. ಹಾಗಾಗಿ ಹಳೆಯ ರೂಟರಿಗೆ ಇಂಟರ್ನೆಟ್ ಬರುವ ವ್ಯಾನ್ ಕಿಂಡಿಯಿಂದ ಮನೆಯ ರೂಟರಿಗೆ ಒಂದು ತಾತ್ಕಾಲಿಕ ವೈರ್ ಎಳೆದಿದ್ದೆ. ಮೊದಲ ರಾತ್ರಿ ಟಿಸಿಪಿಡಂಪ್ ಓಡಿಸಿದ್ದೂ ಇದೇ ವೈರ್ ಇದ್ದಾಗ. ಅದು ಇರುವಾಗಲೇ ಮಾಡಿ ಮುಗಿಸಬೇಕಾದ್ದು: ಫರ್ಮ್‌ವೇರ್ (ಕ್ಯಾಮೆರಾದೊಳಗೆ ಓಡುವ ಪ್ರೋಗ್ರಾಮ್) ಅಪ್‌ಡೇಟ್, ಕ್ಯಾಮೆರಾದ ಒಳಗಿನ ಹೆಸರು-ಪಾಸ್‌ವರ್ಡ್ ಬದಲಾವಣೆ, ಆರ್‌ಟಿಎಸ್‌ಪಿ ಮತ್ತು ಓಎನ್‌ವಿಐಎಫ್ ಆನ್, ಮಿಣುಕುವ ದೀಪ ಆಫ್. ಮೈಕ್ ಬೇಡದಿದ್ದರೆ ಅದೂ ಆಫ್.

ಪಕ್ಕದ ಮನೆಯ ಕಿಟಕಿ ಚಿತ್ರದ ಬಲ ಮೂಲೆಯಲ್ಲಿ ಬೀಳುತ್ತಿತ್ತು. ಅದರ ಮೇಲೆ ಕಪ್ಪು ಚೌಕ ಎಳೆದೆ. ಇದನ್ನು ರೆಕಾರ್ಡರಿನಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಮಾಡಬೇಕು. ಆಗ ಆ ಭಾಗ ವಿಡಿಯೋದಲ್ಲಿ ಹುಟ್ಟುವುದೇ ಇಲ್ಲ. ಮನೆಯವರಿಗೂ ಕ್ಯಾಮೆರಾ ಎಲ್ಲಿಯವರೆಗೆ ನೋಡುತ್ತದೆ ಅಂತ ಪರದೆಯ ಮೇಲೇ ತೋರಿಸಿದೆ. ನನ್ನ ಪಾಡಿಗೆ ನಾನು ತಂದಿಟ್ಟರೂ ಅದರ ಮುಂದೆ ಓಡಾಡುವವರು ಅವರೇ ತಾನೆ.

ಆಮೇಲೆ ಲ್ಯಾಪ್‌ಟಾಪಿನ ವಿಎಲ್‌ಸಿ ಪ್ಲೇಯರಿನಲ್ಲಿ ಆರ್‌ಟಿಎಸ್‌ಪಿ ವಿಳಾಸ ಹಾಕಿದೆ. ಹೆಸರು, ಪಾಸ್‌ವರ್ಡ್, ಕ್ಯಾಮೆರಾದ ಐಪಿ, 554ನೇ ಪೋರ್ಟ್, ಕೊನೆಗೆ ಸ್ಟ್ರೀಮಿನ ಹೆಸರು. ತೆರೆಯಲಿಲ್ಲ. ಮತ್ತೆ ಹಾಕಿದೆ, ಇಲ್ಲ. ಪಾಸ್‌ವರ್ಡ್ ಬದಲಿಸಿದೆ, ಆಗಲೂ ಇಲ್ಲ. ಕೊನೆಗೆ ಹೊಳೆಯಿತು: ಗಟ್ಟಿ ಪಾಸ್‌ವರ್ಡ್ ಇಡುವ ಹುರುಪಿನಲ್ಲಿ ಎರಡು ಸಲವೂ ಅದರಲ್ಲಿ @ ಚಿಹ್ನೆ ಸೇರಿಸಿದ್ದೆ. ಈ ವಿಳಾಸದಲ್ಲಿ ಪಾಸ್‌ವರ್ಡ್ ಮುಗಿಯಿತು, ಇನ್ನು ಐಪಿ ಅಂತ ಹೇಳುವುದೇ ಆ ಚಿಹ್ನೆ. ಅದರ ಜಾಗದಲ್ಲಿ %40 ಅಂತ ಬರೆದರೆ ನಡೆಯುತ್ತದೆ. ನಾನು ಸೀದಾ ಚಿಹ್ನೆಯನ್ನೇ ಬಿಟ್ಟು, ಬರೀ ಅಕ್ಷರ-ಅಂಕಿಗಳ ಉದ್ದನೆಯ ಪಾಸ್‌ವರ್ಡ್ ಇಟ್ಟೆ.

ಚಿತ್ರ ಬಂತು. ಆದರೆ ಯಾರಾದರೂ ನಡೆದಾಡಿದರೆ ಚಿತ್ರದ ಅರ್ಧ ಭಾಗ ಬೂದು ಬಣ್ಣದಲ್ಲಿ ಕಲಸಿದಂತೆ ಆಗುತ್ತಿತ್ತು. ಇದು ವೈ-ಫೈಯಲ್ಲಿ ಯುಡಿಪಿ ಪ್ಯಾಕೆಟ್ ಕಳೆದುಹೋಗುವ ಲಕ್ಷಣ. ಕಳೆದದ್ದನ್ನು ಯುಡಿಪಿ ಮತ್ತೆ ಕೇಳುವುದಿಲ್ಲ, ಟಿಸಿಪಿ ಮತ್ತೆ ಕಳಿಸುತ್ತದೆ. ಆರ್‌ಟಿಎಸ್‌ಪಿಯನ್ನು ಟಿಸಿಪಿ ಮೇಲೆ ಹರಿಸು ಅಂತ ವಿಎಲ್‌ಸಿಯಲ್ಲಿ ಆಯ್ಕೆ ಇದೆ. ಹಾಕಿದೆ, ಕಲೆ ಹೋಯಿತು. ಅದರ ಜೊತೆಗೆ ವಿಡಿಯೋ ಕುಗ್ಗಿಸುವ ರೀತಿಯನ್ನು ಹೊಸ ಎಚ್.265ರಿಂದ ಹಳೆಯ ಎಚ್.264ಕ್ಕೆ ಬದಲಿಸಿದೆ. ಹೊಸದು ಜಾಗ ಉಳಿಸುತ್ತದೆ, ನಿಜ. ಆದರೆ ಎಲ್ಲ ಬ್ರೌಸರ್‌ಗಳೂ ಅದನ್ನು ತೋರಿಸುವುದಿಲ್ಲ.

ಎಲ್ಲ ಸರಿ ಇದೆ ಅನ್ನಿಸಿದ ಮೇಲೆ ಆ ತಾತ್ಕಾಲಿಕ ವೈರನ್ನು ಕಿತ್ತೆ.

ಮರೆತದ್ದು ಒಂದು: ಆ್ಯಪ್

ಫೋನಿನ ಆ್ಯಪ್ ತಕ್ಷಣ "ಸಾಧನ ಸಿಗುತ್ತಿಲ್ಲ" ಅಂದಿತು. ನಿರೀಕ್ಷಿಸಿದ್ದೇ. ಅದರ ಜಾಗಕ್ಕೆ ಲ್ಯಾಪ್‌ಟಾಪಿನಲ್ಲಿ ಫ್ರಿಗೇಟ್ ಅನ್ನುವ ರೆಕಾರ್ಡರ್ ಪ್ರೋಗ್ರಾಮ್ ಹಾಕಿದೆ. ಅದು ಆರ್‌ಟಿಎಸ್‌ಪಿ ತೆಗೆದುಕೊಂಡು ರೆಕಾರ್ಡ್ ಮಾಡುತ್ತದೆ, ಬ್ರೌಸರಿನಲ್ಲಿ ತೋರಿಸುತ್ತದೆ, ಚಲನೆ ಕಂಡರೆ ಅದು ಮನುಷ್ಯನೋ ಪ್ರಾಣಿಯೋ ಅಂತಲೂ ನೋಡುತ್ತದೆ. ಒಂದು ಎಚ್ಚರಿಕೆ: ಅದರ 5000ನೇ ಪೋರ್ಟ್ ಪಾಸ್‌ವರ್ಡ್ ಕೇಳುವುದಿಲ್ಲ, 8971 ಕೇಳುತ್ತದೆ. ಮನೆಯ ಕಡೆಗೆ ಎರಡನೆಯದನ್ನು ಮಾತ್ರ ಬಿಡಿ.

ಹೆಚ್ಚಿನ ಕ್ಯಾಮೆರಾಗಳು ಎರಡು ಸ್ಟ್ರೀಮ್ ಕೊಡುತ್ತವೆ. ಒಂದು ದೊಡ್ಡದು, ಒಂದು ಚಿಕ್ಕದು. ಚಲನೆ ಹುಡುಕಲು ಚಿಕ್ಕದೇ ಸಾಕು. ನಾನು 640x360 ಅಳತೆ, ಸೆಕೆಂಡಿಗೆ 5 ಫ್ರೇಮ್ ಇಟ್ಟಿದ್ದೇನೆ. ದೊಡ್ಡದನ್ನು ಬಿಚ್ಚಿ ನೋಡದೆ ಹಾಗೇ ಡಿಸ್ಕಿಗೆ ಬರೆಯುತ್ತದೆ. ಮೊದಲ ದಿನ ಎರಡಕ್ಕೂ ದೊಡ್ಡದನ್ನೇ ಕೊಟ್ಟು, ಲ್ಯಾಪ್‌ಟಾಪಿನ ಫ್ಯಾನ್ ಹೇರ್ ಡ್ರೈಯರಿನಂತೆ ಕೂಗಿತ್ತು.

ಜಾಗದ ಲೆಕ್ಕಕ್ಕೆ ಒಂದು ಸುಲಭ ಸೂತ್ರ. ಬಿಟ್‌ರೇಟ್ (ವಿಡಿಯೋ ಸೆಕೆಂಡಿಗೆ ಹರಿಸುವ ಡೇಟಾ) ಎಷ್ಟು ಮೆಗಾಬಿಟ್ ಇದೆಯೋ ಅದನ್ನು 10.8ರಿಂದ ಗುಣಿಸಿದರೆ ದಿನಕ್ಕೆ ಎಷ್ಟು ಗಿಗಾಬೈಟ್ ಅಂತ ಬರುತ್ತದೆ. ನನ್ನದು 2 ಮೆಗಾಬಿಟ್. ದಿನಕ್ಕೆ 21.6 ಗಿಗಾಬೈಟ್, ವಾರಕ್ಕೆ ಸುಮಾರು 151. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಆರಾಮವಾಗಿ ಹಿಡಿಯುತ್ತದೆ. ಹಗಲೂ ರಾತ್ರಿ ಬರೆಯುವ ಈ ಕೆಲಸಕ್ಕೆ ಸಾಮಾನ್ಯ ಮೆಮೊರಿ ಕಾರ್ಡ್ ಬೇಡ, ಬೇಗ ಸವೆಯುತ್ತದೆ.

ಫ್ರಿಗೇಟ್ ತಾನಾಗಿ ಹುಡುಕುವುದು ಮನುಷ್ಯರನ್ನು ಮಾತ್ರ. ನಾನು ಪಟ್ಟಿಗೆ ಬೆಕ್ಕು, ನಾಯಿ ಸೇರಿಸಿದೆ. ಮೂರನೇ ರಾತ್ರಿಯೇ ಕಳ್ಳ ಸಿಕ್ಕಿತು. ಒಂದು ಬೆಕ್ಕು ಗೋಡೆಯಿಂದ ಕುಂಡದ ಮೇಲೆ ಹಾರಿ, ಕುಂಡ ಉರುಳಿದ ಮೇಲೆ ತಿರುಗಿಯೂ ನೋಡದೆ ಹೋಯಿತು. ಕುಂಡಗಳನ್ನು ಗೋಡೆಯಿಂದ ಒಂದು ಮಾರು ದೂರ ಸರಿಸಿದೆ. ಅಲ್ಲಿಗೆ ಕ್ಯಾಮೆರಾದ ಮೂಲ ಕೆಲಸ ಮುಗಿಯಿತು. ಆದರೆ ಅಷ್ಟರಲ್ಲಿ ನನಗೆ ಬೇರೆ ಹುಚ್ಚು ಹಿಡಿದಿತ್ತು.

ಮರೆತದ್ದು ಎರಡು: ಗಂಟೆ

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಸಂಜೆ ನೋಡಿದರೆ ಚಿತ್ರದ ಮೇಲಿನ ದಿನಾಂಕ 1970ರ ಜನವರಿ 1. ಯುನಿಕ್ಸ್ ಯಂತ್ರಗಳು ಸಮಯ ಎಣಿಸಲು ಶುರು ಮಾಡುವುದು ಅಲ್ಲಿಂದಲೇ. ಅಗ್ಗದ ಕ್ಯಾಮೆರಾಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದು ಅಪರೂಪ. ಎದ್ದ ಕೂಡಲೇ ಇಂಟರ್ನೆಟ್‌ನಲ್ಲಿ ಎನ್‌ಟಿಪಿ ಸರ್ವರನ್ನು ಗಂಟೆ ಎಷ್ಟು ಅಂತ ಕೇಳುತ್ತವೆ. ಈಗ ಕೇಳಲು ಯಾರೂ ಇಲ್ಲ.

ಫ್ರಿಗೇಟ್ ಲ್ಯಾಪ್‌ಟಾಪಿನ ಸಮಯವನ್ನು ಬಳಸುವುದರಿಂದ ಫೈಲುಗಳು ಸರಿಯಾಗಿಯೇ ಇದ್ದವು. ಆದರೆ ಚಿತ್ರದ ಮೇಲೆ ಅಚ್ಚಾದ ದಿನಾಂಕ ಸುಳ್ಳು ಹೇಳಿದರೆ ಆ ರೆಕಾರ್ಡಿಂಗನ್ನು ಯಾರಿಗೆ ತೋರಿಸಿದರೂ ನಂಬಲಿಕ್ಕಿಲ್ಲ. ಲ್ಯಾಪ್‌ಟಾಪಿಗೆ ಕ್ರೋನಿ ಹಾಕಿದೆ. ಅದು ಮನೆಯ ಕಡೆಯಿಂದ ಸಮಯ ತಂದು ಕ್ಯಾಮೆರಾದ ಕಡೆಗೆ ಹಂಚುತ್ತದೆ. ಕ್ರೋನಿ ತಾನಾಗಿ ಯಾರಿಗೂ ಉತ್ತರ ಕೊಡುವುದಿಲ್ಲ. 192.168.50ರ ಬಳಗಕ್ಕೆ ಕೊಡು ಅಂತ ಒಂದು ಸಾಲು ಬರೆಯಬೇಕು. ಹೊರಗಿನ ಸಮಯ ಸಿಗದಿದ್ದರೂ ನಿನ್ನದೇ ಗಡಿಯಾರ ನೋಡಿ ಹೇಳು ಅಂತ ಇನ್ನೊಂದು ಸಾಲು. ಈ ಕೆಲಸ ರೂಟರಿಗೆ ಯಾಕೆ ಕೊಡಲಿಲ್ಲ ಅಂದರೆ, ಮನೆ ರೂಟರ್‌ಗಳಿಗೂ ಸಾಮಾನ್ಯವಾಗಿ ಗಡಿಯಾರದ ಬ್ಯಾಟರಿ ಇರುವುದಿಲ್ಲ. ಕುರುಡ ಕುರುಡನಿಗೆ ದಾರಿ ತೋರಿಸಿದ ಹಾಗೆ.

ಆದರೆ ಕ್ಯಾಮೆರಾಗೆ ಹೇಳುವುದು ಹೇಗೆ? ಅದರ ಸೆಟ್ಟಿಂಗ್‌ಗಳಲ್ಲಿ ಸಮಯದ ಸರ್ವರ್ ಬದಲಿಸುವ ಜಾಗವೇ ಇಲ್ಲ. ಇಲ್ಲಿ ಮೊದಲ ರಾತ್ರಿಯ ಟಿಸಿಪಿಡಂಪ್ ಪಟ್ಟಿ ಉಪಯೋಗಕ್ಕೆ ಬಂತು. ಕ್ಯಾಮೆರಾ ಯಾವ ಹೆಸರಿಗೆ ಸಮಯ ಕೇಳುತ್ತಿತ್ತು ಅಂತ ಅದರಲ್ಲಿ ಇತ್ತು. ಹಳೆಯ ರೂಟರಿನ ಡಿಎನ್‌ಎಸ್‌ಗೆ "ಆ ಹೆಸರು ಕೇಳಿದರೆ 192.168.50.2 ಅಂತ ಹೇಳು" ಅಂದೆ. ಕ್ಯಾಮೆರಾ ರೀಸ್ಟಾರ್ಟ್ ಮಾಡಿದೆ. ಇವತ್ತಿನ ದಿನಾಂಕ ಬಂತು! ಈ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಹೆಸರಿನ ಬದಲು ನೇರ ಐಪಿ ಕೇಳುವ ಕ್ಯಾಮೆರಾ ಆಗಿದ್ದರೆ, ರೂಟರಿನಲ್ಲಿ 123ನೇ ಪೋರ್ಟಿಗೆ ಹೋಗುವುದನ್ನೆಲ್ಲ ಲ್ಯಾಪ್‌ಟಾಪಿನ ಕಡೆ ತಿರುಗಿಸಬೇಕಾಗುತ್ತಿತ್ತು.

ರಾತ್ರಿ ಸಾಯುವ ಕ್ಯಾಮೆರಾ

ಇದು ನೆಟ್‌ವರ್ಕಿನ ತಪ್ಪಲ್ಲ, ಆದರೆ ನಾನು ನಾಲ್ಕು ದಿನ ನೆಟ್‌ವರ್ಕನ್ನೇ ಬೈದೆ.

ಕ್ಯಾಮೆರಾ ಮೊದಲಿಗೆ ಕಿಟಕಿಯ ಒಳಗಡೆ ಇತ್ತು. ಹಗಲು ಚೆಂದ. ರಾತ್ರಿ ಅದರದೇ ಇನ್‌ಫ್ರಾರೆಡ್ ಬೆಳಕು ಗಾಜಿಗೆ ಬಡಿದು ವಾಪಸ್ ಬಂದು, ಚಿತ್ರವೆಲ್ಲ ಬಿಳಿ. ಗಾಜಿನ ಹಿಂದೆ ಇಡುವ ಯಾವ ಕ್ಯಾಮೆರಾದ ಹಣೆಬರಹವೂ ಇದೇ. ಹಾಗಾಗಿ ಹೊರಗೆ ಸೂರಿನ ಕೆಳಗೆ ಜೋಡಿಸಿದೆ. ಚಾರ್ಜರ್ ಮನೆಯೊಳಗೆ, ಅಲ್ಲಿಂದ 5 ಮೀಟರ್ ಉದ್ದದ ತೆಳ್ಳಗಿನ ಯುಎಸ್‌ಬಿ ಕೇಬಲ್.

ಆವತ್ತು ಸಂಜೆಯಿಂದ ಕ್ಯಾಮೆರಾ ಎರಡೆರಡು ನಿಮಿಷಕ್ಕೆ ಮಾಯವಾಗತೊಡಗಿತು. ಬೆಳಗಾದರೆ ಸರಿ. ವೈ-ಫೈ ಚಾನೆಲ್ ಬದಲಿಸಿದೆ. 1, 6, 11 ಮೂರೂ ನೋಡಿದೆ. ರೂಟರನ್ನು ಹತ್ತಿರ ತಂದೆ. ಇಂಟರ್ನೆಟ್ ಸಿಗದ ಸಿಟ್ಟಿಗೆ ತಾನೇ ರೀಸ್ಟಾರ್ಟ್ ಆಗುತ್ತಿದೆಯೇನೋ ಅಂತಲೂ ಅನುಮಾನಪಟ್ಟೆ. ಹಾಗೆ ಮಾಡುವ ಕ್ಯಾಮೆರಾಗಳೂ ಇವೆ. ಆದರೆ ಅದಕ್ಕೆ ಹಗಲು ರಾತ್ರಿಯ ಭೇದ ಯಾಕೆ?

ನಾಲ್ಕನೇ ಸಂಜೆ ಕ್ಯಾಮೆರಾದ ಕೆಳಗೆ ನಿಂತು ಕಾದೆ. ಕತ್ತಲಾಗುತ್ತಿದ್ದಂತೆ ಒಳಗೆ "ಟಿಕ್" ಅಂತ ಸದ್ದು. ಅದು ಲೆನ್ಸ್ ಹಿಂದಿನ ಇನ್‌ಫ್ರಾರೆಡ್ ಫಿಲ್ಟರ್ ಸರಿಯುವ ಸದ್ದು. ಎಲ್‌ಇಡಿಗಳು ಮಂದ ಕೆಂಪಾಗಿ ಹೊತ್ತಿದವು. ಮೂರು ಸೆಕೆಂಡ್. ಆರಿದವು. ಮತ್ತೆ ಎದ್ದಿತು, ಟಿಕ್, ಹೊತ್ತಿತು, ಆರಿತು. ತಪ್ಪು ಎಲ್ಲಿದೆ ಅಂತ ಆಗಲೇ ಗೊತ್ತಾಯಿತು. ಮಲ್ಟಿಮೀಟರ್ ಹಿಡಿದರೆ ಚಾರ್ಜರಿನ ಬಾಯಲ್ಲಿ 5.1 ವೋಲ್ಟ್. ಕ್ಯಾಮೆರಾದ ತುದಿಯಲ್ಲಿ ಹಗಲಿನ ಸ್ಥಿತಿಯಲ್ಲಿ 4.5. ಎಲ್‌ಇಡಿ ಹೊತ್ತಿದಾಗ 4ರ ಹತ್ತಿರ ಬಿದ್ದು, ಯಂತ್ರ ಸತ್ತು ಮತ್ತೆ ಏಳುತ್ತಿತ್ತು.

ಲೆಕ್ಕವೂ ಹಾಗೇ ಹೇಳುತ್ತದೆ. ತೆಳ್ಳಗಿನ ಯುಎಸ್‌ಬಿ ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಹೆಚ್ಚಾಗಿ 28 ಗೇಜ್ ದಪ್ಪದ್ದು ಇರುತ್ತದೆ. ಅದಕ್ಕೆ ಮೀಟರಿಗೆ ಸುಮಾರು 0.21 ಓಮ್ ತಡೆ. ಹೋಗುವುದು 5 ಮೀಟರ್, ಬರುವುದು 5 ಮೀಟರ್. ಒಟ್ಟು 2.1 ಓಮ್. 0.3 ಆಂಪ್ ಹರಿದರೆ ದಾರಿಯಲ್ಲೇ 0.6 ವೋಲ್ಟ್ ಖರ್ಚು. 0.5 ಆಂಪ್ ಆದರೆ 1 ವೋಲ್ಟಿಗೂ ಜಾಸ್ತಿ. 5 ವೋಲ್ಟಿನಲ್ಲಿ 1 ವೋಲ್ಟ್ ಅಂದರೆ ಐದನೇ ಒಂದು ಪಾಲು ಕೇಬಲ್ಲೇ ತಿಂದ ಹಾಗೆ.

ದಪ್ಪ ಕೇಬಲ್ ತರಬಹುದಿತ್ತು. ಆದರೆ ನನ್ನ ಪೆಟ್ಟಿಗೆಯಲ್ಲಿ ಯಾವುದೋ ಹಳೆಯ ರೂಟರಿನ 12 ವೋಲ್ಟ್ ಅಡಾಪ್ಟರ್ ಮತ್ತು 12ರಿಂದ 5ಕ್ಕೆ ಇಳಿಸುವ ಸಣ್ಣ ಬಕ್ ಕನ್ವರ್ಟರ್ ಇತ್ತು. ಅದೇ ತೆಳ್ಳಗಿನ ತಂತಿಯಲ್ಲಿ 12 ವೋಲ್ಟ್ ಕಳಿಸಿ, ಕ್ಯಾಮೆರಾದ ಪಕ್ಕದಲ್ಲೇ 5ಕ್ಕೆ ಇಳಿಸಿದೆ. ಹೆಚ್ಚಿನ ವೋಲ್ಟಿಗೆ ಆಂಪ್ ಕಡಿಮೆ ಸಾಕು. ದಾರಿಯಲ್ಲಿ ಅರ್ಧ ವೋಲ್ಟ್ ಕಳೆದರೂ ಕನ್ವರ್ಟರ್ ತಲೆಕೆಡಿಸಿಕೊಳ್ಳುವುದಿಲ್ಲ. ಕನ್ವರ್ಟರಿನ ತಿರುಪನ್ನು ಮೊದಲೇ ಮೀಟರ್ ಇಟ್ಟು 5.1ಕ್ಕೆ ತಿರುಗಿಸಿ, ಆಮೇಲೆ ಕ್ಯಾಮೆರಾ ಜೋಡಿಸಿ. ಉಲ್ಟಾ ಮಾಡಿದರೆ ಕ್ಯಾಮೆರಾ ಸುಟ್ಟೀತು. ಕೇಬಲ್ಲಿನ ಎರಡೂ ಯುಎಸ್‌ಬಿ ತುದಿಗಳನ್ನು ಕತ್ತರಿಸಿಬಿಡಿ. ಇಲ್ಲದಿದ್ದರೆ ಯಾರಾದರೂ ಗೊತ್ತಿಲ್ಲದೆ ಅದಕ್ಕೆ ಫೋನ್ ಸಿಕ್ಕಿಸುತ್ತಾರೆ. ಎಲ್ಲವನ್ನೂ ಮುಚ್ಚಳದ ಪ್ಲಾಸ್ಟಿಕ್ ಡಬ್ಬದೊಳಗೆ ಇಟ್ಟು, ತಂತಿಯ ತೂತು ಕೆಳಮುಖ ಮಾಡಿದೆ. ಆವತ್ತಿನಿಂದ ಒಂದು ರಾತ್ರಿಯೂ ಸತ್ತಿಲ್ಲ.

ಜೇಡನ ಕಥೆ ಬೇರೆ. ಸೂರಿನ ಕೆಳಗೆ ಹುಳ ಬರುತ್ತವೆ, ಹುಳಕ್ಕೆ ಜೇಡ. ಬಲೆ ಲೆನ್ಸಿಗೆ ಅಂಟಿಕೊಂಡಂತೆ ಇದ್ದು, ಬೆಳಕು ಬಿದ್ದರೆ ಹಗ್ಗದಷ್ಟು ದಪ್ಪ ಕಾಣುತ್ತದೆ. ಗಾಳಿಗೆ ಅದು ಅಲುಗಿದರೆ ರಾತ್ರಿಯಿಡೀ ಚಲನೆ. ಕ್ಯಾಮೆರಾದ ಎಲ್‌ಇಡಿ ಆರಿಸಿ, ಎರಡು ಮೀಟರ್ ಆಚೆ ಬೇರೆ ಇನ್‌ಫ್ರಾರೆಡ್ ದೀಪ ಹಾಕುವುದು ಸರಿಯಾದ ಉಪಾಯ. ನಾನಿನ್ನೂ ಕೋಲಿಗೆ ಬ್ರಶ್ ಕಟ್ಟಿಕೊಂಡು ವಾರಕ್ಕೊಮ್ಮೆ ಒರೆಸುತ್ತಿದ್ದೇನೆ.

ಮರೆತದ್ದು ಮೂರು: ದೂರ

ಹೊರಗೆ ಹೋದಾಗ ಮನೆ ನೋಡಬೇಕು ಅನ್ನುವ ಆಸೆ ಬಿಡಲಾಗಲಿಲ್ಲ. ಕ್ಯಾಮೆರಾದ ಪೋರ್ಟನ್ನು ಹೊರಗೆ ತೆರೆಯುವುದಂತೂ ಬೇಡವೇ ಬೇಡ. ಅದಕ್ಕಿಂತ ಆ್ಯಪೇ ವಾಸಿ. ಲ್ಯಾಪ್‌ಟಾಪಿನಲ್ಲಿ ವೈರ್‌ಗಾರ್ಡ್ ಅನ್ನುವ ವಿಪಿಎನ್ (ಹೊರಗಿನಿಂದ ಮನೆಗೆ ಬರುವ ಬೀಗ ಹಾಕಿದ ಸುರಂಗ) ಹಾಕಿದೆ. ಅದು 2020ರ ಮಾರ್ಚ್‌ನಲ್ಲಿ ಬಂದ 5.6ನೇ ಲಿನಕ್ಸ್ ಕರ್ನಲ್‌ನಿಂದ ಅದರೊಳಗೇ ಇದೆ. ಫೋನಿಗೆ ಒಂದು ಕೀಲಿ, ಲ್ಯಾಪ್‌ಟಾಪಿಗೆ ಒಂದು ಕೀಲಿ. ಸರಿಯಾದ ಕೀಲಿ ಇಲ್ಲದೆ ತಟ್ಟಿದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಬಾಗಿಲು ಇದೆ ಅಂತಲೂ ಗೊತ್ತಾಗುವುದಿಲ್ಲ.

51820ನೇ ಯುಡಿಪಿ ಪೋರ್ಟನ್ನು ರೂಟರಿನಲ್ಲಿ ಲ್ಯಾಪ್‌ಟಾಪಿಗೆ ತಿರುಗಿಸಿದೆ. ಸಂಪರ್ಕ ಆಗಲಿಲ್ಲ. ರೂಟರಿನ ಹೊರಗಿನ ವಿಳಾಸ ನೋಡಿದರೆ 100.70ರಿಂದ ಶುರು. 100.64ರಿಂದ 100.127ರವರೆಗಿನ ವಿಳಾಸ ಕಂಡರೆ, ಇಂಟರ್ನೆಟ್ ಕೊಡುವವರು ಎಷ್ಟೋ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿದ್ದಾರೆ ಅಂತ ಅರ್ಥ. ಹೊರಗಿನಿಂದ ನಮ್ಮನ್ನು ಕರೆಯುವ ದಾರಿಯೇ ಇಲ್ಲ. ಅದೃಷ್ಟಕ್ಕೆ ಮನೆಗೂ ಮೊಬೈಲಿಗೂ ಐಪಿವಿ6, ಅಂದರೆ ಹೊಸ ಬಗೆಯ ಇಂಟರ್ನೆಟ್ ವಿಳಾಸ, ಇತ್ತು. ಅದರಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ. ರೂಟರಿನ ಐಪಿವಿ6 ಫೈರ್‌ವಾಲಿನಲ್ಲಿ ಅದೊಂದೇ ಪೋರ್ಟಿಗೆ ಅನುಮತಿ ಕೊಟ್ಟೆ, ಚಿತ್ರ ಬಂತು. ಮತ್ತೆ ಬೀದಿಯ ಕೊನೆವರೆಗೆ ನಡೆದು ನೋಡಿದೆ. ಈ ಸಲ ದಾರಿ ನನಗೆ ಗೊತ್ತಿತ್ತು.

ಫೋನಿಗೆ ಟಣ್ ಅಂತ ಬರುವ ಎಚ್ಚರಿಕೆಗಳನ್ನು ಮಾತ್ರ ನಾನು ವಾಪಸ್ ತರಲಿಲ್ಲ. ತರಬಹುದು. ಆದರೆ ದಿನಕ್ಕೆ ಮೂವತ್ತು ಸಲ ಬೆಕ್ಕು ಬಂತು ಅಂತ ಗೊತ್ತಾಗಿ ಮಾಡುವುದೇನು?

ಉಳಿದದ್ದು ಫರ್ಮ್‌ವೇರ್. ಹೊರಗಿನ ದಾರಿ ಇಲ್ಲದ ಕ್ಯಾಮೆರಾ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಆ ತಾತ್ಕಾಲಿಕ ವೈರ್ ಸಿಕ್ಕಿಸಿ, ಅಪ್‌ಡೇಟ್ ಮಾಡಿ, ಆರ್‌ಟಿಎಸ್‌ಪಿ ಇನ್ನೂ ಆನ್ ಇದೆಯಾ ಅಂತ ನೋಡುತ್ತೇನೆ. ಒಂದು ಸಲ ಅಪ್‌ಡೇಟ್ ಅದನ್ನು ಆಫ್ ಮಾಡಿಬಿಟ್ಟಿತ್ತು. ಇನ್ನೊಂದು ಸಲ ನಾನೇ ವೈರ್ ಕೀಳುವುದನ್ನು ಮರೆತು, ಎರಡು ದಿನ ಹಾಗೇ ಇತ್ತು. ಈಗ ಆ ವೈರಿಗೆ ಕೆಂಪು ಟೇಪ್ ಸುತ್ತಿ, ಲ್ಯಾಪ್‌ಟಾಪಿನ ಮೇಲೆಯೇ ಸುರುಳಿ ಮಾಡಿ ಇಡುತ್ತೇನೆ. ಸುರುಳಿ ಅಲ್ಲಿ ಕಾಣಲಿಲ್ಲ ಅಂದರೆ ಅದು ರೂಟರಿನಲ್ಲಿದೆ.